ಇಪ್ಪತ್ತೆರಡಕ್ಕೆ ನಿಂತ ಕೆಂಪು ಮುಳ್ಳು

"ಇನ್ನಷ್ಟು ಮ್ಯಾಲ ಎತ್ರಿ," ಎಂದಳು ಗೌತಮಿ.

ಬಂಡು ಹಣಗೋಜಿ ಹಲ್ಲು ಕಚ್ಚಿಕೊಂಡು ಬಲಗಾಲಿನ ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆದ. ಹಿಮ್ಮಡಿ ಕಬ್ಬಿಣದ ಬಟ್ಟಲಿನಲ್ಲಿ ಕೂತಿತ್ತು. ಎರಡು ಚರ್ಮದ ಪಟ್ಟಿಗಳು ಪಾದವನ್ನು ಹಲಗೆಗೆ ಬಿಗಿದಿದ್ದವು. ಹಲಗೆಯ ಪಕ್ಕದಲ್ಲಿ ಹಿತ್ತಾಳೆಯ ಅಳತೆಪಟ್ಟಿ, ಅದರ ಮೇಲೊಂದು ಕರಿ ಮುಳ್ಳು. ಆ ಮುಳ್ಳು ಹತ್ತು, ಹನ್ನೊಂದು, ಹನ್ನೆರಡು ಎಂದು ತೆವಳಿ, ಇನ್ನು ನನ್ನ ಕೈಲಾಗದು ಎಂಬಂತೆ ನಿಂತುಬಿಟ್ಟಿತು.

"ಹನ್ನೆರಡು ಡಿಗ್ರಿ. ಕುರ್ಚಿ ಮ್ಯಾಲೆ ಕೂಡೋ ಮಂದಿ ಕಾಲು," ಎಂದು ಗೌತಮಿ ತೀರ್ಪು ಕೊಟ್ಟಳು.

ಬಂಡುವಿಗೆ ಸ್ವಲ್ಪ ಅವಮಾನವೇ ಆಯಿತು. ಇಪ್ಪತ್ತು ವರ್ಷ ವಿಮೆ ಕಂಪನಿಗಳಿಗಾಗಿ ಸುಳ್ಳು ಗಾಯ, ಖರೇ ಗಾಯ ಬೇರ್ಪಡಿಸುತ್ತ ಕಾರವಾರದಿಂದ ಮೊಲೆಂವರೆಗೆ ಅಲೆದ ಕಾಲುಗಳು ಇವು. ಬೆಳಗಾವಿ ಬಿಟ್ಟು ಗೋವಾಕ್ಕೆ ಬಂದು, ಫೋಂಡಾ ಬಸ್‌ಸ್ಟ್ಯಾಂಡಿನ ಎದುರು 'ಖಾಸಗಿ ಪತ್ತೇದಾರ' ಎಂದು ಬೋರ್ಡು ಹಾಕಿದ ಮೇಲೆ ಕುರ್ಚಿಯ ಸಹವಾಸ ಹೆಚ್ಚಾಗಿದ್ದು ನಿಜ. ಆದರೆ ಅದನ್ನು ಒಂದು ಯಂತ್ರದ ಬಾಯಿಂದ ಕೇಳುವುದು ಯಾರಿಗೂ ಹಿತವಲ್ಲ.

ಅವನು ಕಾಲು ಸಡಿಲಿಸಿದ. ಕರಿ ಮುಳ್ಳು ಸೊನ್ನೆಗೆ ಮರಳಿತು. ಆದರೆ ಅದರ ಮುಂದೆ ಇದ್ದ ಇನ್ನೊಂದು ಮುಳ್ಳು, ಕೆಂಪು ಬಣ್ಣದ್ದು, ಹನ್ನೆರಡರಲ್ಲೇ ಉಳಿಯಿತು. ಕರಿ ಮುಳ್ಳು ಎಲ್ಲಿಯತನಕ ತಳ್ಳುತ್ತದೋ ಅಲ್ಲಿಯತನಕ ಅದು ಹೋಗುತ್ತದೆ, ಮತ್ತೆ ಯಾರಾದರೂ ಬೆರಳಿನಿಂದ ಹಿಂದಕ್ಕೆ ತರುವತನಕ ಅಲ್ಲಿಂದ ಕದಲುವುದಿಲ್ಲ. ರೋಗಿ ಎದ್ದು ಹೋದ ಮೇಲೂ ಅವನ ಕಾಲು ಎಷ್ಟು ಮಡಚಿತು ಎಂದು ಹೇಳುವ ಸಾಕ್ಷಿ ಅದು.

ಆ ಸಾಕ್ಷಿಯೇ ಈಗ ಎಲ್ಲರ ತಲೆ ಕೆಡಿಸಿತ್ತು.

ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ, ಹಿಂದಿನ ಗಲ್ಲಿಯಲ್ಲಿ ಏಳುತ್ತಿದ್ದ ಕಟ್ಟಡದ ಮೂರನೇ ಅಂತಸ್ತಿನಿಂದ ಮೇಸ್ತ್ರಿ ಸಂಗಣ್ಣ ಬಿದ್ದು ಸತ್ತಿದ್ದ; ದೂಡಿದವನು ಗೋಡೆ ಕಟ್ಟುವ ಗವಂಡಿ ನಿಂಗಣ್ಣ ಎಂದು ಪೊಲೀಸರ ಅನುಮಾನ. ಆರು ತಿಂಗಳ ಹಿಂದೆ ಅದೇ ಕಟ್ಟಡದ ಸಾರವೆಯಿಂದ ಬಿದ್ದು ನಿಂಗಣ್ಣ ಬಲಗಾಲಿನ ಹರಡು, ಪಾದದ ಮೇಲಿನ ಕೀಲು, ಮುರಿದುಕೊಂಡಿದ್ದ. ಸಂಗಣ್ಣ ಕಟ್ಟಿಸಿದ ಸಾರವೆ ಅದು. ನಿನ್ನನ್ನು ಬಿಡುವುದಿಲ್ಲ ಎಂದು ನಿಂಗಣ್ಣ ಅವನ ಎದುರು ನಿಂತು ಕೂಗಾಡಿದ್ದನ್ನು ಫೋಂಡಾದ ಅರ್ಧ ಕೂಲಿ ಮಂದಿ ಕೇಳಿದ್ದರು. ಮಂಗಳವಾರ ಸಂಗಣ್ಣ ಬೀಳುವ ಮುಂಚೆ ಮೇಲಿನಿಂದ ನಿಂಗಣ್ಣನ ದನಿ ಕೇಳಿತ್ತು ಎಂದು ಕಾವಲುಗಾರ ಹೇಮಲಪ್ಪ ಹೇಳಿಕೆ ಬರೆಸಿದ್ದ.

ನಿಂಗಣ್ಣನ ಉತ್ತರ ಎರಡೇ ಮಾತು. ಆ ಹೊತ್ತಿನಲ್ಲಿ ತಾನು ಗೌತಮಿಬಾಯಿಯವರ ಕೋಣೆಯಲ್ಲಿ ಕಾಲಿನ ವ್ಯಾಯಾಮ ಮಾಡುತ್ತಿದ್ದೆ. ಮತ್ತು ಈ ಕಾಲಿನಲ್ಲಿ ಮೂರು ಅಂತಸ್ತು ಹೋಗಲಿ, ಮೂರು ಮೆಟ್ಟಿಲೂ ಹತ್ತಲಾರೆ.

ಅವನ ಹೆಂಡತಿ ಫಕೀರವ್ವ ಬುಧವಾರ ಸಂಜೆಯೇ ಬಂಡುವಿನ ಬಾಗಿಲಿಗೆ ಬಂದು ಕೂತಿದ್ದಳು. ಕನ್ನಡದಲ್ಲಿ ಅಳುವುದನ್ನು ಕೇಳಿಸಿಕೊಳ್ಳುವ ಪತ್ತೇದಾರ ಆ ಊರಿನಲ್ಲಿ ಬೇರೆ ಇರಲಿಲ್ಲ. ಬಂಡು ಸ್ಟೇಶನ್ನಿಗೆ ಹೋಗಿ ಇನ್ಸ್‌ಪೆಕ್ಟರ್‌ರನ್ನು ಕಾಡಿ ಬೇಡಿ ಶುಕ್ರವಾರ ಸಂಜೆ ಐದರವರೆಗೆ ಸಮಯ ತಂದಿದ್ದ. ಐದಕ್ಕೆ ಜೀಪು ಬರುತ್ತದೆ. ಅಷ್ಟರೊಳಗೆ ನಿಂಗಣ್ಣ ನಿರಪರಾಧಿ ಎಂದು ತೋರಿಸಬೇಕು, ಇಲ್ಲವೇ ಅವನನ್ನು ಒಪ್ಪಿಸಬೇಕು.

ಇವತ್ತೇ ಶುಕ್ರವಾರ. ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು.

"ತಪ್ಪು ನಂದ," ಎಂದಳು ಗೌತಮಿ. ಅವಳು ಧಾರವಾಡದವಳು, ಮೂವತ್ತರೊಳಗಿನ ಫಿಸಿಯೋಥೆರಪಿಸ್ಟ್. ಹಿಟ್ಟಿನ ಗಿರಣಿಗೆ ಅಂಟಿಕೊಂಡ ಈ ಒಂದೇ ಕೋಣೆಯಲ್ಲಿ ಕೂಲಿಯವರ ಮುರಿದ ಕೈಕಾಲುಗಳನ್ನು ದಾರಿಗೆ ತರುವುದು ಅವಳ ಉದ್ಯೋಗ. ಗೋಡೆಗೆ ಹಳದಿ, ಕೆಂಪು, ಹಸಿರು ರಬ್ಬರ್ ಪಟ್ಟಿಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ಮೇಲೆ ನಿಂತರೆ ಓಲಾಡುವ ದುಂಡು ಹಲಗೆ, ಅದರ ಪಕ್ಕ ಮರಳಿನ ಚೀಲಗಳು. ನಡುವೆ ಹರಡಿನ ಈ ಯಂತ್ರ. ಹೊಲಿಗೆ ಯಂತ್ರದ ಕಾಲ್ಮಣೆಯ ಹಾಗೆ ಕಾಣುವುದರಿಂದ ಬಂದವರೆಲ್ಲ ಅದನ್ನು ಹೊಲಿಗಿ ಮಷಿನ್ ಎಂದೇ ಕರೆಯುತ್ತಿದ್ದರು.

ಅವಳ ತಪ್ಪೆಂದರೆ ಸಂತೋಷಪಟ್ಟಿದ್ದು. ಮಂಗಳವಾರ ಮಧ್ಯಾಹ್ನ ಅವಳು ಕುಡಚಡೆಗೆ ಹೋಗುತ್ತಾಳೆ, ಅದಿರಿನ ಲಾರಿಯವರ ಬೆನ್ನುನೋವು ನೋಡಲು. ಆ ದಿನ ಕೋಣೆಯ ಕೀಲಿಕೈ ಪಕ್ಕದ ಗಿರಣಿ ನಡೆಸುವ ಮಾಶಾಬಿಯ ಗೋಡೆಯ ಮೊಳೆಯ ಮೇಲಿರುತ್ತದೆ. ಪಾಳಿ ಇದ್ದವರು ತಾವೇ ಕೀಲಿ ತೆಗೆದು, ವ್ಯಾಯಾಮ ಮಾಡಿ, ಗೋಡೆಯ ಮೇಲಿನ ತಮ್ಮ ಕಾರ್ಡನ್ನು ತಿರುವಿ ಹಾಕಿ ಹೋಗಬೇಕು. ಕೆಂಪು ಮುಳ್ಳನ್ನು ಮಾತ್ರ ಮುಟ್ಟುವಂತಿಲ್ಲ. ಬುಧವಾರ ಬೆಳಿಗ್ಗೆ ಗೌತಮಿ ಬಂದು ಮುಳ್ಳು ಓದಿ ಬರೆದುಕೊಳ್ಳುತ್ತಾಳೆ.

ಈ ಬುಧವಾರ ನಿಂಗಣ್ಣನ ಕಾರ್ಡು ತಿರುಗಿತ್ತು. ಆ ಮಧ್ಯಾಹ್ನ ಅವನದೊಂದೇ ಪಾಳಿ. ಕೆಂಪು ಮುಳ್ಳು ಇಪ್ಪತ್ತೆರಡರಲ್ಲಿ ನಿಂತಿತ್ತು.

ಮೂರು ತಿಂಗಳಿಂದ ಏಳನ್ನು ದಾಟದ ಕಾಲು ಅದು. ಗೌತಮಿಗೆ ಕಣ್ಣು ತುಂಬಿ ಬಂದಿತ್ತಂತೆ. ಒಳಗೆ ಅಂಟಿಕೊಂಡಿದ್ದ ನರವೆಲ್ಲ ಒಮ್ಮೆಲೇ ಬಿಟ್ಟುಕೊಂಡಿದೆ ಎಂದುಕೊಂಡು, ಕಾರ್ಡಿನ ಮೇಲೆ ಇಪ್ಪತ್ತೆರಡು ಎಂದು ಬರೆದು, ಪಕ್ಕದಲ್ಲಿ ಚಿಕ್ಕಮಕ್ಕಳ ಪಾಟಿಯ ಮೇಲೆ ಹಾಕುವ ಹಾಗೆ ಒಂದು ನಕ್ಷತ್ರ ಬೇರೆ ಬಿಡಿಸಿದ್ದಳು. ಅದಾದ ಎರಡು ತಾಸಿಗೆ ಇನ್ಸ್‌ಪೆಕ್ಟರ್ ಬಂದಾಗ, ಯಾಕೆ ಏನು ಎಂದು ಕೇಳದೆ, ನಮ್ಮ ನಿಂಗಣ್ಣನ ಕಾಲು ಗುಣವಾಯಿತು ನೋಡಿ ಎಂದು ಅದನ್ನೇ ತೋರಿಸಿದ್ದಳು. ಅವರು ಝೆರಾಕ್ಸ್ ತೆಗೆಸಿಕೊಂಡು ಹೋದರು.

ಬಂಡು ಪಟ್ಟಿ ಬಿಚ್ಚಿಕೊಂಡು ಎದ್ದು, ಕಾರ್ಡನ್ನು ಹತ್ತನೆಯ ಸಲ ಕೈಗೆತ್ತಿಕೊಂಡ. ಕೊನೆಯ ಸಾಲಿನಲ್ಲಿ ಏಳು, ಆರು, ಏಳು, ಏಳು, ಇಪ್ಪತ್ತೆರಡು. ನಕ್ಷತ್ರ ಅವನನ್ನು ನೋಡಿ ಹಲ್ಲು ಕಿರಿಯುತ್ತಿತ್ತು.

ಇಪ್ಪತ್ತೆರಡು ನಿಂಗಣ್ಣನ ಕಾಲಿನದೇ ಆಗಿದ್ದರೆ ಅವನ ಕಾಲು ಗುಣವಾಗಿದೆ, ಮೂರು ಅಂತಸ್ತು ಹತ್ತಬಲ್ಲ, ಕುಂಟುತ್ತಿರುವುದೆಲ್ಲ ನಾಟಕ. ಅವನದಲ್ಲದಿದ್ದರೆ ಮಂಗಳವಾರ ಈ ಕುರ್ಚಿಯಲ್ಲಿ ಕೂತವನು ಅವನಲ್ಲ. ಮೊದಲನೆಯದಾದರೆ ಕಾಲು ಕೈಕೊಟ್ಟಿತು, ಎರಡನೆಯದಾದರೆ ಕಾರ್ಡು ಕೈಕೊಟ್ಟಿತು. ಎರಡು ರಾತ್ರಿ ನಿದ್ದೆಗೆಟ್ಟು ಯೋಚಿಸಿದರೂ ನಿಂಗಣ್ಣ ಉಳಿಯುವ ಮೂರನೆಯ ದಾರಿ ಬಂಡುವಿಗೆ ಹೊಳೆದಿರಲಿಲ್ಲ.

ಅವನು ತಿರುತಿರುಗಿ ಎಲ್ಲರನ್ನೂ ಕೇಳಿದ್ದ. ಮಾಶಾಬಿ ಗಿರಣಿಯ ಸದ್ದಿನಲ್ಲಿ ತಲೆ ಎತ್ತಿರಲಿಲ್ಲ. ಕೀಲಿಕೈ ಹೋಯಿತು, ಬಂತು, ಅಷ್ಟೇ ಗೊತ್ತು. ಹೇಮಲಪ್ಪನ ಮಾತೂ ಬಂಡುವಿಗೆ ಗಂಟಲಲ್ಲಿ ಇಳಿದಿರಲಿಲ್ಲ. ಕೆಳಗೆ ಕಾಂಕ್ರೀಟ್ ಕಲಸುವ ಯಂತ್ರ ಗುಡುಗುಡು ಅನ್ನುವಾಗ ಮೂರನೇ ಅಂತಸ್ತಿನ ದನಿಯನ್ನು ಇಂಥವನದೇ ಎಂದು ಗುರುತಿಸುವ ಕಿವಿ ಯಾವುದು? ಕೇಳಿದರೆ ಹೇಮಲಪ್ಪ ಬೀಡಿ ಕಚ್ಚಿಕೊಂಡು, ಹೇಳುವುದನ್ನು ಪೊಲೀಸರಿಗೆ ಹೇಳಿಯಾಗಿದೆ ಎಂದು ಬೆನ್ನು ತಿರುಗಿಸಿದ್ದ. ಗೌತಮಿಯನ್ನೂ ಬಂಡು ಬಿಟ್ಟಿರಲಿಲ್ಲ. ಅವಳು ಹೇಳಿದ ಹಾಗೆ ಕುಡಚಡೆಯಲ್ಲೇ ಇದ್ದಳೋ ಎಂದು ಅವಳಿಗೆ ತಿಳಿಯದಂತೆ ವಿಚಾರಿಸಿ ಬಂದಿದ್ದ. ಇದ್ದಳು.

ಬಾಗಿಲಲ್ಲಿ ಬಡಿಗೆಯ ಸದ್ದಾಯಿತು. ನಿಂಗಣ್ಣ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಒಳಗೆ ಬಂದ. ನಲವತ್ತರ ಗಟ್ಟಿ ಆಳು. ಆರು ತಿಂಗಳು ಕೂತಲ್ಲೇ ಕೂತು ಮುಖ ಬಿಳಿಚಿಕೊಂಡಿತ್ತು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಫಕೀರವ್ವ ಗೌತಮಿ ತೋರಿಸಿದ ಸ್ಟೂಲನ್ನು ಬಿಟ್ಟು ಗೋಡೆಯ ಬದಿಗೆ ಸರಿದಳು.

ಬಂಡು ಸುತ್ತಿ ಬಳಸಲಿಲ್ಲ. ಐದಕ್ಕೆ ಜೀಪು ಬರುವುದನ್ನೂ, ಇಪ್ಪತ್ತೆರಡರ ಕಥೆಯನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ಕೇಳುತ್ತ ಕೇಳುತ್ತ ನಿಂಗಣ್ಣನ ಬಾಯಿ ತೆರೆದಂತೆಯೇ ಉಳಿಯಿತು. ಆ ಕೆಂಪು ಮುಳ್ಳು ಇಷ್ಟೆಲ್ಲ ಹೇಳುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಗಡಿಯಾರಕ್ಕೆ ಎರಡು ಮುಳ್ಳು ಇದ್ದ ಹಾಗೆ ಇದಕ್ಕೂ ಎರಡು ಎಂದು ತಿಳಿದುಕೊಂಡಿದ್ದನಂತೆ.

ಗೌತಮಿ ಅವನ ಬಲಪಾದವನ್ನು ಯಂತ್ರಕ್ಕೆ ಬಿಗಿದಳು. ಕೆಂಪು ಮುಳ್ಳನ್ನು ಸೊನ್ನೆಗೆ ತಂದಳು. ಎತ್ತು ಎಂದಳು.

ನಿಂಗಣ್ಣ ಎತ್ತಿದ. ಕುತ್ತಿಗೆಯ ನರ ಉಬ್ಬಿದವು. ನಾಲ್ಕು, ಐದು, ಆರು. ಹಣೆಯಿಂದ ಬೆವರು ಇಳಿದು ಮೀಸೆಗೆ ಸೇರಿತು. ಏಳು. ಅಲ್ಲಿಗೆ ಮುಗಿಯಿತು.

ಬೇಕೆಂದೇ ಎತ್ತದೆ ಇರಬಹುದಲ್ಲ ಎಂದು ಬಂಡು ತಗ್ಗಿದ ದನಿಯಲ್ಲಿ ಕೇಳಿದ. ವಿಮೆಯ ಕೆಲಸದಲ್ಲಿ ಅಂಥವರನ್ನು ಅವನು ಲೆಕ್ಕವಿಲ್ಲದಷ್ಟು ನೋಡಿದ್ದ. ಗೌತಮಿ ಪಟ್ಟಿ ಬಿಚ್ಚಿ, ಆ ಪಾದವನ್ನು ತನ್ನ ಅಂಗೈಯಲ್ಲಿ ಹಿಡಿದು, ಮೈಭಾರ ಹಾಕಿ ಮೇಲಕ್ಕೆ ಒತ್ತಿದಳು. ನಿಂಗಣ್ಣ ಅವ್ವಾ ಎಂದು ಕುರ್ಚಿಯ ಕೈ ಹಿಡಿದುಕೊಂಡ. ಪಾದ ಮೊದಲಿನ ಮಟ್ಟ ದಾಟಿ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

"ಎಲುಬು ಎಲುಬಿಗೆ ತಾಗೇದ. ಇದನ್ನ ನಾಟಕ ಮಾಡ್ಲಿಕ್ಕೆ ಬರೂದಿಲ್ಲ," ಎಂದಳು ಗೌತಮಿ. "ಈ ಕಾಲು ಇಪ್ಪತ್ತೆರಡು ಎಂದೂ ಮುಟ್ಟಿಲ್ಲ. ನಾ ಹುಚ್ಚಿ, ಖುಷಿ ಒಳಗ ಬರದಬಿಟ್ಟೆ."

ಒಂದು ಗಳಿಗೆ ಬಂಡುವಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಿಂಗಣ್ಣ ಸುಳ್ಳು ಕುಂಟನಲ್ಲ. ಆದರೆ ಆ ಸಂತೋಷ ಗಂಟಲು ದಾಟುವ ಮೊದಲೇ ಎರಡನೆಯ ಯೋಚನೆ ಬಂತು. ಹಾಗಾದರೆ ಮಂಗಳವಾರ ಇಲ್ಲಿ ಕೂತವರು ಯಾರು?

ಇಪ್ಪತ್ತೆರಡು ಎಂಥವರ ಕಾಲು ಎಂದು ಅವನು ಗೌತಮಿಯನ್ನು ಕೇಳಿದ. ಅವಳು ಯೋಚಿಸಿ ಹೇಳಿದಳು. ಆಫೀಸಿನವರ ಕಾಲಂತೂ ಅಲ್ಲ, ಬೂಟು ಹಾಕುವವರದೂ ಅಲ್ಲ. ಹುಟ್ಟಿದಾಗಿನಿಂದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿದವರಿಗೆ ಮಾತ್ರ ಹರಡು ಅಷ್ಟು ಮಡಚುತ್ತದೆ; ಅಂಥವರು ಹಿಮ್ಮಡಿ ಎತ್ತದೆ ತಾಸುಗಟ್ಟಲೆ ಕೂಡಬಲ್ಲರು.

ಬಂಡುವಿನ ಕಣ್ಣು ಗೋಡೆಯ ಬದಿಗೆ ಹೊರಳಿತು. ಫಕೀರವ್ವ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಸಿಮೆಂಟು ತಿಂದು ಬಿರಿದ ಎರಡೂ ಹಿಮ್ಮಡಿಗಳು ನೆಲಕ್ಕೆ ಊರಿದ್ದವು.

ಅವನು ಯಂತ್ರದ ಕಡೆಗೆ ಕೈ ತೋರಿಸಿದ. ಫಕೀರವ್ವ ಗಂಡನ ಮುಖ ನೋಡಿದಳು, ಗೌತಮಿಯ ಮುಖ ನೋಡಿದಳು. ಆಮೇಲೆ ಎದ್ದು ಬಂದು ಗಂಡನನ್ನು ಸ್ಟೂಲಿಗೆ ದಾಟಿಸಿ, ಕುರ್ಚಿಯಲ್ಲಿ ಕೂತು, ಯಾರೂ ಹೇಳಿಕೊಡದೆ ತಾನೇ ಹಿಮ್ಮಡಿಯನ್ನು ಬಟ್ಟಲಿಗೆ ಇಟ್ಟು, ಎರಡೂ ಪಟ್ಟಿ ಬಿಗಿದುಕೊಂಡಳು. ಅಭ್ಯಾಸವಿದ್ದ ಕೈ ಅದು. ಪಾದ ಎತ್ತಿದಳು.

ಕರಿ ಮುಳ್ಳು ಎಲ್ಲಿಯೂ ತಡೆಯದೆ ಕೆಂಪು ಮುಳ್ಳನ್ನು ನೂಕಿಕೊಂಡು ಹೋಯಿತು. ಇಪ್ಪತ್ತೆರಡು.

"ಅವರ ಪಾಳಿ ತಪ್ಪಬಾರದಂತ ನಾನ ಬಂದು ಮಾಡಿದ್ನಿರಿ," ಎಂದಳು ಅವಳು ಗೌತಮಿಗೆ, ಪಟ್ಟಿ ಬಿಚ್ಚುತ್ತ. "ಐವತ್ತು ಸಲ ಅಂದಿದ್ರಿ ನೀವು. ಎಣಿಸೇ ಮಾಡೇನಿ. ಒಂದೂ ಕಡಿಮಿ ಮಾಡಿಲ್ಲ."

ಗೌತಮಿ ಕಕ್ಕಾಬಿಕ್ಕಿಯಾದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಮೂರು ಸಲ ತಪ್ಪಿಸಿದರೆ ಹೆಸರು ಹೊಡೆದು ಪಾಳಿಯನ್ನು ಇನ್ನೊಬ್ಬರಿಗೆ ಕೊಡುವುದು ಅವಳೇ ಮಾಡಿದ ನಿಯಮ; ಹೊರಗೆ ಕಾಯುವವರು ಅಷ್ಟು ಮಂದಿ. ನಿಂಗಣ್ಣ ಎರಡು ಸಲ ತಪ್ಪಿಸಿಯಾಗಿತ್ತು. ಫಕೀರವ್ವನ ಮಟ್ಟಿಗೆ ಇದರಲ್ಲಿ ಮೋಸವೇನೂ ಇರಲಿಲ್ಲ. ಗಂಡ ಊರಲ್ಲಿ ಇಲ್ಲದಿದ್ದರೆ ರೇಷನ್ನಿನ ಸಾಲಿನಲ್ಲಿ ಹೆಂಡತಿ ನಿಲ್ಲುತ್ತಾಳೆ, ಗಂಡ ಜ್ವರದಲ್ಲಿ ಮಲಗಿದರೆ ಅವನ ಹರಕೆಯ ಪ್ರದಕ್ಷಿಣೆಯನ್ನು ಹೆಂಡತಿ ಹಾಕುತ್ತಾಳೆ. ವ್ಯಾಯಾಮ ಮಾತ್ರ ಯಾಕೆ ಬೇರೆ? ಅವಳು ಪ್ರಾಮಾಣಿಕವಾಗಿ ಐವತ್ತು ಎಣಿಸಿ, ಕಾರ್ಡು ತಿರುವಿ, ಕೀಲಿಕೈಯನ್ನು ಮೊಳೆಗೆ ಹಾಕಿ ಹೋಗಿದ್ದಳು.

ಬಂಡು ಮಾತ್ರ ಕಾರ್ಡನ್ನು ಮರಳಿ ಗೋಡೆಗೆ ತೂಗುಹಾಕಿದ. ನಿಂಗಣ್ಣನ ಮೊದಲನೆಯ ಮಾತು ಸುಳ್ಳೆಂದು ತಾನೇ ಕೈಯಾರೆ ಸಾಬೀತು ಮಾಡಿದ್ದ. ಉಳಿದದ್ದು ಎರಡನೆಯ ಮಾತು ಒಂದೇ, ಹತ್ತಲಾಗದ ಕಾಲು. ಇನ್ನು ಅದನ್ನೇ ಹಿಡಿದುಕೊಂಡು ಇನ್ಸ್‌ಪೆಕ್ಟರ್ ಎದುರು ನಿಲ್ಲಬೇಕು. ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ.

"ನಿಂಗಣ್ಣ, ಈಗರೆ ಖರೇ ಹೇಳು. ಮಂಗಳವಾರ ನಾಲ್ಕಕ್ಕ ಎಲ್ಲಿದ್ದಿ?"

ನಿಂಗಣ್ಣ ತನ್ನ ಪಾದವನ್ನೇ ನೋಡುತ್ತ ಕೂತಿದ್ದ.

"ಮೂರನೇ ಮಾಳಿಗಿ ಮ್ಯಾಲ ಇದ್ನಿರಿ."

ಬಂಡು ಅವನ ಪಕ್ಕದ ಬಡಿಗೆಯನ್ನು ನೋಡಿದ.

"ಈ ಕಾಲಿನಾಗ?"

"ನಾ ಹತ್ತಿಲ್ರಿ ಸಾಹೇಬ್ರ. ಸಂಗಣ್ಣ ನನ್ನನ್ನ ತನ್ನ ಬೆನ್ನ ಮ್ಯಾಲ ಹೊತ್ತು ಒಯ್ದ."

ಸತ್ತವನೇ ಕೊಂದವನನ್ನು ಹೊತ್ತು ತಂದನೆಂದರೆ ಯಾವ ಇನ್ಸ್‌ಪೆಕ್ಟರ್ ನಂಬುತ್ತಾನೆ? ಬಂಡುವಿಗೇ ನಂಬಬೇಕೋ ಬೇಡವೋ ತಿಳಿಯಲಿಲ್ಲ. ಬಿಡಿಸಿ ಹೇಳು ಎಂದ. ನಿಂಗಣ್ಣ ತಡವರಿಸುತ್ತ ಹೇಳಿದ. ಮಂಗಳವಾರ ಎರಡೂವರೆಗೆ ಅವನು ಇಲ್ಲಿಗೆ ಹೊರಟು ನಿಂತಾಗ ಸಂಗಣ್ಣ ಗುಡಿಸಲಿಗೆ ಬಂದನಂತೆ. ಆರು ತಿಂಗಳಲ್ಲಿ ಮೊದಲ ಸಲ. ನೀನು ಯಾಕೆ ಬಿದ್ದೆ ಎನ್ನುವುದು ನನಗೆ ಈಗ ತಿಳಿಯಿತು, ಬಂದು ನಿನ್ನ ಕಣ್ಣಿಂದ ನೋಡು, ಆಮೇಲೆ ಬೇಕಾದರೆ ನನ್ನನ್ನು ಬೈ ಎಂದನಂತೆ. ನಿಂಗಣ್ಣ ಹೆಂಡತಿಗೆ ಕಾರ್ಡು ತಿರುವಿ ಬಾ ಎಂದು ಹೇಳಿ ಅವನ ಜೊತೆ ಹೋದ. ಕಟ್ಟಡದ ಹಿಂಬದಿಯ ಮೆಟ್ಟಿಲ ಹತ್ತಿರ ಸಂಗಣ್ಣ ಬೆನ್ನು ಬಗ್ಗಿಸಿ, ಹತ್ತು ಎಂದ. ಮೂರು ಅಂತಸ್ತು ಏದುಸಿರು ಬಿಡುತ್ತ ಹೊತ್ತ. ನಡುವೆ ಒಂದು ಕಡೆ ನಿಂತು, ನನ್ನ ತಪ್ಪೂ ಇತ್ತು ನಿಂಗಣ್ಣ ಎಂದ.

ಇದನ್ನು ಹೇಳುವಾಗ ನಿಂಗಣ್ಣ ಅಳುತ್ತಿದ್ದ. ಅಳುವುದು ಕೊಂದವನಿಗೂ ಬರುತ್ತದೆ, ಕೊಲ್ಲದವನಿಗೂ ಬರುತ್ತದೆ ಎಂಬುದು ಬಂಡುವಿನ ಕಷ್ಟವಾಗಿತ್ತು.

"ಏನ್ ತೋರಿಸಿದ? ಮ್ಯಾಲ ಮತ್ತ ಯಾರಿದ್ರು?"

ನಿಂಗಣ್ಣ ಬಾಯಿ ತೆರೆದ. ಅಷ್ಟರಲ್ಲಿ ಫಕೀರವ್ವನ ಕೈ ಬಂದು ಅವನ ಭುಜದ ಮೇಲೆ ಕೂತಿತು.

"ಹೋಗಲಿ, ನೀ ಕೆಳಗ ಇಳದದ್ದು ಹ್ಯಾಂಗ? ಸಂಗಣ್ಣ ಬಿದ್ದಮ್ಯಾಲ ನಿನ್ನ ಇಳಿಸಿದವ್ರು ಯಾರು?"

ನಿಂಗಣ್ಣ ಹೆಂಡತಿಯ ಕಡೆ ನೋಡಲಿಲ್ಲ. ನೋಡಬಾರದೆಂದು ಬಲವಂತವಾಗಿ ಕತ್ತು ಬಿಗಿಹಿಡಿದ ಹಾಗೆ ಬಂಡುವಿಗೆ ಕಂಡಿತು.

ಆಗ ಬಂಡುವಿನ ಕಣ್ಣು ಯಂತ್ರದ ಕಡೆಗೆ ಹೋಯಿತು. ಇಷ್ಟು ಹೊತ್ತು ಆ ಯಂತ್ರವನ್ನು ಸಾಕ್ಷಿ ಸಾಕ್ಷಿ ಎಂದು ಬಡಿದುಕೊಂಡಿದ್ದ. ಕೆಂಪು ಮುಳ್ಳು ಕಾಲು ಎಷ್ಟು ಮಡಚಿತು ಎಂದು ಹೇಳುತ್ತದೆ, ಯಾವಾಗ ಮಡಚಿತು ಎಂದು ಹೇಳುವುದಿಲ್ಲ. ಫಕೀರವ್ವ ಐವತ್ತು ಎಣಿಸಿ ಎದ್ದದ್ದು ಮೂರಕ್ಕೋ, ಮೂರೂವರೆಗೋ? ಹಿಂದಿನ ಗಲ್ಲಿಗೆ ಇಲ್ಲಿಂದ ನೂರು ಹೆಜ್ಜೆ. ಒಂದೇ ಉಸಿರಿಗೆ ಮೂರು ಅಂತಸ್ತು ಹತ್ತಬಲ್ಲ ಕಾಲು ಈ ಕೋಣೆಯಲ್ಲಿ ಒಂದೇ ಜೊತೆ ಇತ್ತು.

ಹೊರಗೆ ಜೀಪು ನಿಂತ ಸದ್ದು ಕೇಳಿತು. ಹವಾಲ್ದಾರ ಒಬ್ಬನೇ ಒಳಗೆ ಬಂದ. ಇಲ್ಲಿಯೇ ಹುಟ್ಟಿ ಬೆಳೆದವನು, ಕೊಂಕಣಿ ಬಿಟ್ಟರೆ ಬೇರೆ ಭಾಷೆ ಬಾರದು. ನಿಂಗಣ್ಣನನ್ನು ನೋಡಿ, ಏಳು ಎಂದು ಕೈ ಮಾಡಿದ. ನಿಂಗಣ್ಣ ಬಡಿಗೆಗೆ ಕೈ ಚಾಚಿದ.

ಫಕೀರವ್ವ ಆ ಬಡಿಗೆಯನ್ನು ಗೋಡೆಗೆ ಸರಿಸಿ, ಗಂಡನಿಗೂ ಹವಾಲ್ದಾರನಿಗೂ ನಡುವೆ ಬಂದು ನಿಂತಳು. ದನಿ ಏರಿಸಲಿಲ್ಲ.

"ಸಂಗಣ್ಣನ್ನ ದೂಡಿದಾಕಿ ನಾನ. ಅವರನ್ನ ಬಿಡ್ರಿ, ನನ್ನ ಕರಕೊಂಡ ಹೋಗ್ರಿ."

ನಿಂಗಣ್ಣ ಸ್ಟೂಲಿನಿಂದ ಅರ್ಧ ಎದ್ದು, ಕಾಲು ಊರಲಾಗದೆ ಮತ್ತೆ ಬಿದ್ದ. ಗೌತಮಿ ಬಾಯಿಗೆ ಕೈ ಹಿಡಿದುಕೊಂಡಳು.

ಬಂಡು ಆ ಹೆಂಗಸಿನ ಮುಖವನ್ನು ಓದಲು ನೋಡಿದ. ಇದು ಖರೇ ಒಪ್ಪಿಗೆಯೋ, ಮಂಗಳವಾರ ಮಾಡಿದ ಹಾಗೆ ಗಂಡನ ಪಾಳಿಯನ್ನು ತಾನು ತೀರಿಸಲು ಹೊರಟಿದ್ದಾಳೋ? ಇಪ್ಪತ್ತು ವರ್ಷದ ಅನುಭವವೆಲ್ಲ ಕೈಚೆಲ್ಲಿ ಕೂತಿತು. ಹುಳಿ ಹಿಂಡಿದರೂ ಒಡೆಯದ ಹಾಲಿನಂತೆ ಆ ಮುಖ ಶಾಂತವಾಗಿತ್ತು.

ಹವಾಲ್ದಾರನಿಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. ಅವನು ಅವಳನ್ನೂ, ಅತ್ತು ಕೆಂಪಾದ ನಿಂಗಣ್ಣನನ್ನೂ ನೋಡಿ, ಕೊನೆಗೆ ತನಗೆ ಗುರುತಿದ್ದ ಒಬ್ಬನೇ ಮನುಷ್ಯನ ಕಡೆ ತಿರುಗಿದ.

"ಕಿತೆಂ ಮ್ಹಣ್ಟಾ ತೀ?" ಏನು ಹೇಳುತ್ತಿದ್ದಾಳೆ ಇವಳು ಎಂದು ಕೇಳಿದ.

ಬಂಡು ಏನು ಹೇಳುತ್ತಾನೋ ಅದೇ ಸ್ಟೇಶನ್ನಿನಲ್ಲಿ ಬರೆಯಲ್ಪಡುತ್ತದೆ. ಇದ್ದ ಹಾಗೆ ಹೇಳಿದರೆ ಜೀಪು ಹತ್ತುವವಳು ಫಕೀರವ್ವ, ಬೇರೆ ಹೇಳಿದರೆ ನಿಂಗಣ್ಣ. ಗಂಡ, ಹೆಂಡತಿ, ಗೌತಮಿ, ಮೂವರೂ ಅವನ ಬಾಯನ್ನೇ ನೋಡುತ್ತಿದ್ದರು.

"ಸಾಂಗ್ ಮರೇ, ಬಂಡುಬಾಬ್," ಹೇಳು ಮಾರಾಯ ಎಂದ ಹವಾಲ್ದಾರ, ಜೇಬಿನಿಂದ ಪೆನ್ನು ತೆಗೆಯುತ್ತ.